ಒಂದು ಪದಕ್ಕೆ ಒಂದು ಸೆಂಟ್



ಇವತ್ತಿನ ಮಾತು ಕಥೆಗಳ ಬಗ್ಗೆ. ಅದರಲ್ಲೂ ಅಮೆರಿಕದ ಹಳೆಯ ಅಗ್ಗದ ಪತ್ರಿಕೆಗಳಲ್ಲಿ ಅಚ್ಚಾದ ವಿಜ್ಞಾನದ ಸಣ್ಣಕಥೆಗಳ ಬಗ್ಗೆ. ರಾಕೆಟ್ಟು, ಮಂಗಳ ಗ್ರಹ ಎಂದ ಕೂಡಲೇ ‘ಅದೆಲ್ಲ ಮಕ್ಕಳಿಗೆ’ ಎಂದು ರೇಡಿಯೋದ ಕಿವಿ ತಿರುಗಿಸಲು ಹೋಗಬೇಡಿ. ಸ್ವಲ್ಪ ಹೊತ್ತು ಕೇಳಿ, ಆಮೇಲೆ ನಿಮ್ಮಿಷ್ಟ.

ಈ ವಿಷಯವನ್ನು ರೇಡಿಯೋದಲ್ಲಿ ಹೇಳುವುದಕ್ಕೆ ಒಂದು ಔಚಿತ್ಯವೂ ಉಂಟು. ಇಂಥ ಕಥೆಗಳಿಗಾಗಿಯೇ ಮೀಸಲಾದ ಮೊದಲ ಇಂಗ್ಲಿಷ್ ಮಾಸಪತ್ರಿಕೆಯನ್ನು ಹೊರಡಿಸಿದವರು ಮೂಲತಃ ರೇಡಿಯೋ ಸಾಮಾನಿನ ವ್ಯಾಪಾರಿ. ಹೆಸರು ಹ್ಯೂಗೊ ಗರ್ನ್ಸ್‌ಬ್ಯಾಕ್. ಯುರೋಪಿನ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಲ್ಲಿ 1884ರಲ್ಲಿ ಹುಟ್ಟಿ, 1904ರಲ್ಲಿ ಅಮೆರಿಕಕ್ಕೆ ಹೋದವರು. ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ನಿಸ್ತಂತು ಸಲಕರಣೆಗಳನ್ನು ಅಂಚೆಯ ಮೂಲಕ ಮಾರಿದರು. 1925ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಬಾನುಲಿ ಕೇಂದ್ರ ತೆರೆದರು. ಮರುವರ್ಷ, 1926ರ ಏಪ್ರಿಲಿನಲ್ಲಿ, ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆ ಹೊರಬಂತು. ಬೆಲೆ 25 ಸೆಂಟ್. ಹೊಸ ಲೇಖಕರು ಇನ್ನೂ ಹುಟ್ಟಿಕೊಂಡಿರಲಿಲ್ಲವಾದ್ದರಿಂದ ಮೊದಲ ಸಂಚಿಕೆಯಲ್ಲಿ ಜೂಲ್ಸ್ ವರ್ನ್, ವೆಲ್ಸ್, ಎಡ್ಗರ್ ಆಲನ್ ಪೋ ಇವರ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕಿದರು.

ಇಲ್ಲಿ ಕಾಗದದ ವಿಚಾರ ಸ್ವಲ್ಪ ಹೇಳಬೇಕು. ಮರವನ್ನು ಅರೆದು ಮಾಡಿದ ತಿರುಳಿಗೆ ಇಂಗ್ಲಿಷಿನಲ್ಲಿ ‘ಪಲ್ಪ್’ ಎನ್ನುತ್ತಾರೆ. ಆ ತಿರುಳಿನಿಂದ ತಯಾರಾದ ಒರಟು ಕಾಗದದಲ್ಲಿ ಬರೀ ಕಥೆ ಅಚ್ಚು ಹಾಕಿ ಅಗ್ಗಕ್ಕೆ ಮಾರುವ ಉಪಾಯವನ್ನು 1896ರಲ್ಲೇ ಫ್ರಾಂಕ್ ಮನ್ಸಿ ಎಂಬ ಪ್ರಕಾಶಕರು ‘ಆರ್ಗೊಸಿ’ ಪತ್ರಿಕೆಯಲ್ಲಿ ಮಾಡಿ ತೋರಿಸಿದ್ದರು. ಪತ್ತೇದಾರಿ, ಕುದುರೆ ಸವಾರರ ಸಾಹಸ, ಪ್ರೇಮ, ದೆವ್ವ, ಹೀಗೆ ಒಂದೊಂದು ಬಗೆಗೆ ಒಂದೊಂದು ಪತ್ರಿಕೆ. ಹೊದಿಕೆ ಮಾತ್ರ ನುಣುಪಾದ ಬಣ್ಣದ ಕಾಗದ, ಒಳಗೆಲ್ಲ ಒರಟು. ಈ ಕಾಗದದಲ್ಲಿ ಆಮ್ಲದ ಅಂಶ ಉಳಿಯುತ್ತದೆ. ಬೆಳಕು ಗಾಳಿ ತಾಗಿದ ಹಾಗೆ ಹಳದಿಯಾಗಿ, ಕಂದಾಗಿ, ಕೊನೆಗೆ ಹುರಿದ ಹಪ್ಪಳದ ಹಾಗೆ ಕೈಯಲ್ಲೇ ಮುರಿಯುತ್ತದೆ. ಓದಿ ರೈಲಿನ ಸೀಟಿನಲ್ಲೇ ಬಿಟ್ಟುಹೋಗಲಿಕ್ಕೆಂದೇ ಮಾಡಿದ ವಸ್ತು ಅದು. ‘ಅಮೇಜಿಂಗ್’ ಮೊದಮೊದಲು ದೊಡ್ಡ ಅಳತೆಯಲ್ಲಿ ಬರುತ್ತಿತ್ತು. 1930ರ ಜನವರಿಯಲ್ಲಿ ಶುರುವಾದ ‘ಅಸ್ಟೌಂಡಿಂಗ್’ ಅಪ್ಪಟ ಪಲ್ಪ್. ಅದರ ಬೆಲೆ 20 ಸೆಂಟ್.

ಇನ್ನು ಬರೆಯುವವರ ಸಂಪಾದನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕದ ಕಡೆ ಕಣ್ಣು ಹೋಗುವುದು ಸಹಜ. ಪದಕ್ಕೆ ಇಷ್ಟು ಎಂಬುದೇ ದರ. ಒಳ್ಳೆಯ ಕಾಲದಲ್ಲಿ ‘ಅಸ್ಟೌಂಡಿಂಗ್’ ಪದಕ್ಕೆ ಎರಡು ಸೆಂಟ್ ಕೊಡುತ್ತಿತ್ತು. ಆರ್ಥಿಕ ಕುಸಿತದ ದಿನಗಳಲ್ಲಿ ಮೊದಲ ಪ್ರಕಾಶಕರು 1933ರಲ್ಲಿ ಮುಳುಗಿದ ಮೇಲೆ, ಹೊಸ ಧಣಿಗಳ ಕೈಯಲ್ಲಿ ಅದು ಒಂದು ಸೆಂಟಿಗೆ ಇಳಿಯಿತು. ಗರ್ನ್ಸ್‌ಬ್ಯಾಕರ ಕೈ ಇನ್ನೂ ಬಿಗಿ. ಲವ್‌ಕ್ರಾಫ್ಟ್ ಎಂಬ ಲೇಖಕರ ‘ದಿ ಕಲರ್ ಔಟ್ ಆಫ್ ಸ್ಪೇಸ್’ 1927ರ ಸೆಪ್ಟೆಂಬರ್ ‘ಅಮೇಜಿಂಗ್’ನಲ್ಲಿ ಬಂತು. ಸುಮಾರು ಹನ್ನೆರಡು ಸಾವಿರ ಪದಗಳ ಆ ಕಥೆಗೆ ಸಿಕ್ಕಿದ್ದು 25 ಡಾಲರ್, ಅದೂ ಪತ್ರದ ಮೇಲೆ ಪತ್ರ ಬರೆದು ವಸೂಲು ಮಾಡಿದ್ದು. ಭಾಗಿಸಿ ನೋಡಿ, ಪದಕ್ಕೆ ಸೆಂಟಿನ ಐದನೇ ಒಂದು ಪಾಲು. ವಿಜ್ಞಾನ ಕಥೆಗಳಿಗೆ 1953ರಿಂದ ಕೊಡುತ್ತಿರುವ ದೊಡ್ಡ ಪ್ರಶಸ್ತಿಗೆ ‘ಹ್ಯೂಗೊ’ ಎಂದು ಇದೇ ಗರ್ನ್ಸ್‌ಬ್ಯಾಕರ ಹೆಸರನ್ನು ಇಟ್ಟಿದ್ದಾರೆ. ಬಾಕಿ ಉಳಿಸಿಕೊಂಡವರ ಹೆಸರಿನಲ್ಲೇ ಬಹುಮಾನ!

ಇಂಥ ಕಾಗದದಲ್ಲಿ, ಇಂಥ ಸಂಬಳಕ್ಕೆ ಯಾರು ಬರೆಯುತ್ತಿದ್ದರು? ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಹೊಟ್ಟೆಪಾಡಿನ ಜನ. ಐಸಾಕ್ ಅಸಿಮೊವ್ ಅವರನ್ನು ನೋಡಿ. ಮೂರು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳೊಡನೆ ರಷ್ಯಾದಿಂದ ಅಮೆರಿಕಕ್ಕೆ ಬಂದವರು. ತಂದೆಗೆ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ, ಅದರಲ್ಲೇ ಪತ್ರಿಕೆಗಳ ಮಾರಾಟ. ಮಗ ಆ ಪತ್ರಿಕೆಗಳನ್ನು ಮುಟ್ಟಕೂಡದೆಂದು ತಂದೆಯ ಕಟ್ಟಪ್ಪಣೆ. 1929ರಲ್ಲಿ ‘ಸೈನ್ಸ್ ವಂಡರ್ ಸ್ಟೋರೀಸ್’ ಎಂಬ ಪತ್ರಿಕೆ ಅಂಗಡಿಗೆ ಬಂದಾಗ ಒಂಬತ್ತು ವರ್ಷದ ಹುಡುಗ, ‘ನೋಡಿ ಅಪ್ಪಾ, ಇದು ವಿಜ್ಞಾನ’ ಎಂದು ಹೆಸರಿನಲ್ಲಿದ್ದ ‘ಸೈನ್ಸ್’ ಪದವನ್ನು ತೋರಿಸಿ ಒಪ್ಪಿಗೆ ಪಡೆದ. ಹದಿನೆಂಟರಲ್ಲಿ ಮೊದಲ ಕಥೆಯನ್ನು ಕೈಯಲ್ಲಿ ಹಿಡಿದು ‘ಅಸ್ಟೌಂಡಿಂಗ್’ನ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅವರ ಕಚೇರಿಗೇ ಹೋದ. ಕಥೆ ತಿರಸ್ಕೃತವಾಯಿತು, ಆದರೆ ಮಾತುಕತೆ ಬೆಳೆಯಿತು. ಮೊದಲು ಅಚ್ಚಾದದ್ದು 1939ರ ಮಾರ್ಚ್ ‘ಅಮೇಜಿಂಗ್’ನಲ್ಲಿ. ಅದಕ್ಕೆ ಬಂದ ಚೆಕ್ಕು 64 ಡಾಲರ್.

ಈ ಕಥೆಗಳ ಪರಿಚಯ ನನಗಾದದ್ದು 1980ರ ದಶಕದಲ್ಲಿ, ಬ್ಯಾಂಕಿನವರು ನನ್ನನ್ನು ಮುಂಬಯಿಗೆ ವರ್ಗ ಮಾಡಿದಾಗ. ಫ್ಲೋರಾ ಫೌಂಟನ್ ಬಳಿ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ರಾಶಿ ಇರುತ್ತಿತ್ತು. ನಾನು ಮೆಟ್ರಿಕ್ ಪಾಸಾದವನು, ನನ್ನ ಇಂಗ್ಲಿಷು ಬ್ಯಾಂಕಿನ ಇಂಗ್ಲಿಷು. ದೊಡ್ಡ ಕಾದಂಬರಿ ಹಿಡಿದರೆ ಮೂರನೇ ಪುಟಕ್ಕೆ ನಿದ್ದೆ. ಈ ಕಥೆಗಳು ಮಾತ್ರ ಓದಿಸಿಕೊಂಡವು. ಕಾರಣ ಸರಳ. ಅವನ್ನು ಬರೆದದ್ದೇ ಅಂಗಡಿಯ ಹುಡುಗರಿಗೆ, ಗಿರಣಿ ಕೆಲಸಗಾರರಿಗೆ, ಟೈಪಿಸ್ಟರಿಗೆ. ವಾಕ್ಯ ಸಣ್ಣದು, ಸಂಗತಿ ಮುಂದೆ ಮುಂದೆ ಓಡುತ್ತಲೇ ಇರಬೇಕು.

ಹಾಗಾದರೆ ಅವುಗಳ ಒಳಗೆ ಏನುಂಟು? ನನಗೆ ತಿಳಿದ ಮಟ್ಟಿಗೆ, ಈ ಜಾತಿಯ ಒಳ್ಳೆಯ ಸಣ್ಣಕಥೆ ಓದುಗನಿಂದ ಒಂದೇ ಒಂದು ಸಲಿಗೆ ಕೇಳುತ್ತದೆ. ‘ಹೀಗೆ ಇದೆ ಎಂದು ಇಟ್ಟುಕೊಳ್ಳಿ’ ಎನ್ನುತ್ತದೆ. ನಾವು ಹೂಂ ಎಂದ ಮೇಲೆ ಮುಂದಿನದೆಲ್ಲ ಲೆಕ್ಕಕ್ಕೆ ಸರಿಯಾಗಿ ಬರಬೇಕು. ಸಂಜೆ ಕ್ಯಾಷು ತಾಳೆಯಾಗದೆ ಮನೆಗೆ ಹೋಗುವ ಹಾಗಿಲ್ಲ. ಅಸಿಮೊವ್‌ರ ಆ ಮೊದಲ ಕಥೆಯಲ್ಲಿ ಒಡೆದ ಬಾಹ್ಯಾಕಾಶ ನೌಕೆಯ ತುಂಡೊಂದರಲ್ಲಿ ಮೂವರು ಸಿಕ್ಕಿಬಿದ್ದು, ವೆಸ್ಟ ಎಂಬ ಕ್ಷುದ್ರಗ್ರಹವನ್ನು ಸುತ್ತುತ್ತಿರುತ್ತಾರೆ. ಗಾಳಿ ಮೂರು ದಿನಕ್ಕೆ ಮಾತ್ರ. ಆದರೆ ನೀರು ಒಂದು ದೊಡ್ಡ ತೊಟ್ಟಿಯ ತುಂಬ ಉಂಟು. ತೊಟ್ಟಿಗೆ ತೂತು ಕೊರೆದರೆ ನೀರು ಒಂದು ಕಡೆ ಚಿಮ್ಮುತ್ತದೆ, ನೌಕೆ ಇನ್ನೊಂದು ಕಡೆ ಸರಿಯುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ, ಅಷ್ಟೆ. ಮಂತ್ರವಿಲ್ಲ, ಮಾಯೆಯಿಲ್ಲ.

ಅದೇ ಅಸಿಮೊವ್ ಇಪ್ಪತ್ತೊಂದನೇ ವಯಸ್ಸಿನಲ್ಲಿ ಬರೆದು, 1941ರ ಸೆಪ್ಟೆಂಬರ್ ‘ಅಸ್ಟೌಂಡಿಂಗ್’ನಲ್ಲಿ ಪ್ರಕಟವಾದ ಕಥೆ ‘ನೈಟ್‌ಫಾಲ್’. ಆರು ಸೂರ್ಯರಿರುವ ಒಂದು ಲೋಕ. ಒಬ್ಬ ಮುಳುಗಿದರೆ ಇನ್ನೊಬ್ಬ ಇರುತ್ತಾನೆ, ಕತ್ತಲೆಯೆಂಬುದೇ ಇಲ್ಲ. ಎರಡು ಸಾವಿರದ ನಲವತ್ತೊಂಬತ್ತು ವರ್ಷಕ್ಕೊಮ್ಮೆ ಮಾತ್ರ ಗ್ರಹಣ ಕೂಡಿ ಬಂದು ರಾತ್ರಿಯಾಗುತ್ತದೆ. ನಾವು ಮಕ್ಕಳನ್ನು ಅಂಗಳದಲ್ಲಿ ಮಲಗಿಸಿ ತೋರಿಸುವ ನಕ್ಷತ್ರಗಳನ್ನು ಕಂಡು ಆ ಲೋಕದ ಜನ ಹುಚ್ಚರಾಗಿ, ಬೆಳಕಿಗಾಗಿ ತಮ್ಮ ಊರಿಗೇ ಬೆಂಕಿ ಇಡುತ್ತಾರೆ. ಈ ಕಥೆಗೆ ಸಂಪಾದಕರು ಪದಕ್ಕೆ ಒಂದೂಕಾಲು ಸೆಂಟ್ ಕೊಟ್ಟರು. ಚೆಕ್ಕಿನ ಮೊತ್ತ ಹೆಚ್ಚಾಗಿರುವುದನ್ನು ಕಂಡ ಅಸಿಮೊವ್ ಲೆಕ್ಕ ತಪ್ಪಿದೆಯೆಂದು ಫೋನು ಮಾಡಿದರಂತೆ. ಅದು ಬೋನಸ್ ಎಂದು ಉತ್ತರ ಬಂತು. ಇಂಥ ಗಿರಾಕಿ ಕೌಂಟರಿಗೆ ದಿನಾ ಬರುವುದಿಲ್ಲ!

ಲೆಕ್ಕ ಎಷ್ಟು ಸರಿಯಾಗಿರುತ್ತಿತ್ತು ಎಂಬುದಕ್ಕೆ ಒಂದು ನಿಜವಾದ ಪ್ರಸಂಗ. 1944ರ ಮಾರ್ಚ್ ಸಂಚಿಕೆಯಲ್ಲಿ ಕ್ಲೀವ್ ಕಾರ್ಟ್‌ಮಿಲ್ ಎಂಬವರ ‘ಡೆಡ್‌ಲೈನ್’ ಕಥೆ ಬಂತು. ಕಥೆಯಾಗಿ ಸಾಧಾರಣ. ಆದರೆ ಯುರೇನಿಯಂ 235ರಿಂದ ಬಾಂಬು ಮಾಡುವ ತತ್ವ ಅದರಲ್ಲಿತ್ತು. ಆಗ ಅಣುಬಾಂಬಿನ ಕೆಲಸ ಪರಮ ಗುಟ್ಟಾಗಿ ನಡೆಯುತ್ತಿದ್ದ ಕಾಲ. ಗುಟ್ಟು ಎಲ್ಲಿಂದ ಸೋರಿತು ಎಂದು ವಿಚಾರಿಸಲು ಸೇನೆಯ ಗುಪ್ತಚರ ವಿಭಾಗದವರು ಪತ್ರಿಕೆಯ ಕಚೇರಿಗೇ ಬಂದರು. ಇದೆಲ್ಲ ಯುದ್ಧಕ್ಕೆ ಮೊದಲೇ ವಿಜ್ಞಾನ ಪತ್ರಿಕೆಗಳಲ್ಲಿ ಬಹಿರಂಗವಾಗಿ ಅಚ್ಚಾದ ಸಂಗತಿ ಎಂದು ಕ್ಯಾಂಪ್‌ಬೆಲ್ ತೋರಿಸಿಕೊಟ್ಟರು. ಮುಂದಿನ ವರ್ಷ ಆಗಸ್ಟಿನಲ್ಲಿ ಹಿರೋಷಿಮಾ. ರೈಲಿನಲ್ಲಿ ಬಿಟ್ಟುಹೋಗುವ ಪತ್ರಿಕೆ ಸರಕಾರದ ನಿದ್ದೆ ಕೆಡಿಸಿತ್ತು.

ಬರೀ ಯಂತ್ರ, ಬಾಂಬು ಅಲ್ಲ. ನಮ್ಮ ಗಡಿನಾಡಿನ ಜನ ಕೇಳಲೇಬೇಕಾದ ಒಂದು ಕಥೆಯುಂಟು. ಸ್ಟ್ಯಾನ್ಲಿ ವೈನ್‌ಬಾಮ್ ಬರೆದ ‘ಎ ಮಾರ್ಷಿಯನ್ ಒಡಿಸ್ಸಿ’, 1934ರ ಜುಲೈಯಲ್ಲಿ ‘ವಂಡರ್ ಸ್ಟೋರೀಸ್’ನಲ್ಲಿ ಬಂದದ್ದು. ಅದುವರೆಗೆ ಈ ಪತ್ರಿಕೆಗಳಲ್ಲಿ ಮಂಗಳ ಗ್ರಹದವರೆಂದರೆ ಹೆಚ್ಚಾಗಿ ರಾಕ್ಷಸರು. ವೈನ್‌ಬಾಮರ ಕಥೆಯಲ್ಲಿ ಜಾರ್ವಿಸ್ ಎಂಬವನು ಮಂಗಳದ ಮರುಭೂಮಿಯಲ್ಲಿ ಒಬ್ಬನೇ ಸಿಕ್ಕಿಬಿದ್ದು ನಡೆಯುವಾಗ ಹಕ್ಕಿಯಂಥ ಒಂದು ಜೀವಿ ಜೊತೆಯಾಗುತ್ತದೆ. ಹೆಸರು ಟ್ವೀಲ್. ಅದರ ಭಾಷೆ ಇವನಿಗೆ ಒಂದು ಪದವೂ ಹಿಡಿಯುವುದಿಲ್ಲ. ಅದಕ್ಕೆ ಇವನ ಆರೇಳು ಪದ ಬರುತ್ತದೆ. ಅಷ್ಟರಲ್ಲೇ ಎಷ್ಟೆಲ್ಲ ಹೇಳುತ್ತದೆ! ಒಂದು ಕೂಡಿಸು ಒಂದು ಎರಡು ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ. ದಾರಿಯಲ್ಲಿ ಮತ್ತೊಂದು ಬಗೆಯ ಜೀವಿಗಳು ಎದುರಾದಾಗ ಟ್ವೀಲ್ ಅದೇ ಲೆಕ್ಕವನ್ನು ಮಾತಾಗಿ ಬಳಸುತ್ತದೆ. ‘ಒಂದು ಒಂದು ಎರಡು, ಹೌದು. ಎರಡು ಎರಡು ನಾಲ್ಕು, ಅಲ್ಲ.’ ಅಂದರೆ, ಇವಕ್ಕೆ ಬುದ್ಧಿ ಉಂಟು, ಆದರೆ ನಮ್ಮಷ್ಟಿಲ್ಲ ಎಂದು!

ಕಾಸರಗೋಡಿನ ಪೇಟೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಗದ್ದೆಯಲ್ಲಿ ತುಳು, ನೆರೆಮನೆಯಲ್ಲಿ ಕೊಂಕಣಿ ಅಥವಾ ಬ್ಯಾರಿ. ಯಾರ ಭಾಷೆ ಯಾರಿಗೆ ಎಷ್ಟು ಬರುತ್ತದೆ ಎಂಬುದರ ಮೇಲೆ ಯಾರು ಜಾಣರೆಂದು ತೀರ್ಮಾನಿಸಬಾರದೆಂಬ ವಿವೇಕ ನಮಗೆ ಬದುಕಿನಿಂದ ಬಂದದ್ದು. ಮಿಲ್ವಾಕಿ ಊರಿನಲ್ಲಿ ಬೆಳೆದ ವೈನ್‌ಬಾಮರು ಅದನ್ನು ಕಲ್ಪನೆಯಿಂದ ಕಂಡುಕೊಂಡರು. ಪಾಪ, ಆ ಕಥೆ ಅಚ್ಚಾಗಿ ಒಂದೂವರೆ ವರ್ಷದೊಳಗೆ, 1935ರ ಡಿಸೆಂಬರಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು ಮೂವತ್ತಮೂರು.

ನನಗೆ ಎಲ್ಲರಿಗಿಂತ ಹತ್ತಿರದವರು ಬೇರೊಬ್ಬರಿದ್ದಾರೆ. ‘ಸಿ. ಎಲ್. ಮೂರ್’ ಎಂದು ಸಹಿ ಮಾಡುತ್ತಿದ್ದವರು. ಪೂರ್ತಿ ಹೆಸರು ಕ್ಯಾಥರಿನ್ ಲೂಸಿಲ್ ಮೂರ್. ಇಂಡಿಯಾನಾಪೊಲಿಸ್ ನಗರದ ಹುಡುಗಿ, 1911ರಲ್ಲಿ ಹುಟ್ಟಿದವರು. ಆರ್ಥಿಕ ಕುಸಿತದ ಹೊಡೆತಕ್ಕೆ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಬೇಕಾಯಿತು. ಎಲ್ಲಿ ಎನ್ನುತ್ತೀರಿ? ಬ್ಯಾಂಕಿನಲ್ಲಿ! ಅಲ್ಲಿ ಟೈಪಿಂಗ್ ಅಭ್ಯಾಸ ಮಾಡುತ್ತ ಸುಮ್ಮನೆ ಹೊಡೆದ ಸಾಲುಗಳು ‘ಶಾಂಬ್ಲೊ’ ಎಂಬ ಕಥೆಯಾಗಿ ಬೆಳೆದವು. 1933ರ ನವೆಂಬರಿನಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದಾಗ ಓದುಗರು ಬೆರಗಾದರು. ಹೆಂಗಸೆಂದು ತಿಳಿಯದಿರಲಿ ಎಂದು ಮೊದಲಕ್ಷರಗಳ ಮರೆಯಲ್ಲಿ ನಿಂತರೆಂದು ಹಲವರು ಬರೆಯುತ್ತಾರೆ. ಅವರೇ ಹೇಳಿದ ಕಾರಣ ಬೇರೆ. ಪಲ್ಪ್ ಪತ್ರಿಕೆಗೆ ಕಥೆ ಬರೆಯುತ್ತಾಳೆಂದು ಬ್ಯಾಂಕಿನವರಿಗೆ ಗೊತ್ತಾದರೆ ಕೆಲಸ ಹೋದೀತೆಂಬ ಭಯ. ಆ ದಿನಗಳಲ್ಲಿ ಸಂಬಳ ಬರುವ ಕೆಲಸವೆಂದರೆ ಮನೆಮಂದಿಯ ಜೀವ. ಮೆಚ್ಚುಗೆಯ ಪತ್ರ ಬರೆದ ಹೆನ್ರಿ ಕಟ್ನರ್ ಎಂಬ ಲೇಖಕ ‘ಶ್ರೀಯುತ ಮೂರ್’ ಎಂದೇ ಸಂಬೋಧಿಸಿದ್ದರು. ಮುಂದೆ 1940ರಲ್ಲಿ ಅವರನ್ನೇ ಮದುವೆಯಾದರು. ಆಮೇಲೆ ಇಬ್ಬರೂ ಕೂಡಿಯೇ ಬರೆದರು.

ಮೂರ್ ಅವರ ‘ನೋ ವುಮನ್ ಬಾರ್ನ್’ 1944ರ ಡಿಸೆಂಬರಿನದು. ಲೋಕವೇ ಮೆಚ್ಚಿದ ನರ್ತಕಿಯೊಬ್ಬಳು ರಂಗಮಂದಿರದ ಬೆಂಕಿಯಲ್ಲಿ ಸುಟ್ಟುಹೋಗುತ್ತಾಳೆ. ಮಿದುಳು ಮಾತ್ರ ಉಳಿಯುತ್ತದೆ. ವಿಜ್ಞಾನಿಯೊಬ್ಬ ಅದಕ್ಕೊಂದು ಲೋಹದ ಮೈ ಮಾಡಿಕೊಡುತ್ತಾನೆ. ಅವಳು ಮತ್ತೆ ವೇದಿಕೆ ಏರುತ್ತೇನೆ ಎನ್ನುತ್ತಾಳೆ. ಜನ ನಗುತ್ತಾರೆ, ಅವಳ ಮನಸ್ಸು ಒಡೆಯುತ್ತದೆ ಎಂದು ಹಿತೈಷಿ ಗಂಡಸರಿಬ್ಬರಿಗೂ ಆತಂಕ. ಅವಳು ಕುಣಿಯುತ್ತಾಳೆ, ಗೆಲ್ಲುತ್ತಾಳೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ‘ನೀವು ನನಗಾಗಿ ಹೆದರಿದ್ದು ತಪ್ಪು ಕಾರಣಕ್ಕೆ, ನಾನು ದುರ್ಬಲಳಾಗಿಲ್ಲ, ಮನುಷ್ಯರಿಗಿಂತ ಮೇಲಿನದೇನೋ ಆಗುತ್ತಿದ್ದೇನೆ, ನನ್ನ ಒಂಟಿತನ ಅದು’ ಎಂಬ ಅರ್ಥದ ಮಾತನ್ನು ಅವಳು ಆಡುತ್ತಾಳೆ. ಅಪಘಾತದಲ್ಲಿ ಕೈಯೋ ಕಾಲೋ ಕಳೆದುಕೊಂಡವರ ಹತ್ತಿರ ನಾವು ಹೇಗೆ ಮಾತಾಡುತ್ತೇವೆ ಎಂಬುದನ್ನು ನೆನೆಸಿಕೊಂಡರೆ ಈ ಕಥೆ ಎಷ್ಟು ನಮ್ಮದೆಂದು ತಿಳಿಯುತ್ತದೆ.

ಕೊನೆಯದಾಗಿ, ಈ ಲೆಕ್ಕದ ಮಾತಿಗೆ ಒಂದು ತಕರಾರು. ಟಾಮ್ ಗಾಡ್ವಿನ್ ಬರೆದ ‘ದಿ ಕೋಲ್ಡ್ ಈಕ್ವೇಶನ್ಸ್’, 1954ರ ಆಗಸ್ಟ್ ‘ಅಸ್ಟೌಂಡಿಂಗ್’ನದು. ಆ ಹೊತ್ತಿಗೆ ಪತ್ರಿಕೆಯ ಅಳತೆ ಕಿರಿದಾಗಿತ್ತು, ಸಂಪಾದಕರು ಅದೇ ಕ್ಯಾಂಪ್‌ಬೆಲ್. ದೂರದ ಗ್ರಹವೊಂದರಲ್ಲಿ ಆರು ಜನ ಜ್ವರದಿಂದ ಸಾಯುತ್ತಿದ್ದಾರೆ. ಔಷಧಿ ಹೊತ್ತ ಪುಟ್ಟ ನೌಕೆ ಒಬ್ಬನೇ ಚಾಲಕನೊಡನೆ ಹೊರಟಿದೆ. ಇಂಧನ ತೂಕಕ್ಕೆ ಸರಿಯಾಗಿ ಅಳೆದದ್ದು, ಒಂದು ಚಮಚ ಹೆಚ್ಚಿಲ್ಲ. ಹದಿನೆಂಟರ ಹುಡುಗಿಯೊಬ್ಬಳು ಹತ್ತು ವರ್ಷದಿಂದ ಕಾಣದ ಅಣ್ಣನನ್ನು ನೋಡುವ ಆಸೆಯಿಂದ ಒಳಗೆ ಅಡಗಿ ಕೂತಿದ್ದಾಳೆ. ದಂಡ ಕಟ್ಟಿದರಾಯಿತು ಎಂದು ಅವಳ ಎಣಿಕೆ. ಆದರೆ ಅವಳ ತೂಕ ಸೇರಿದರೆ ನೌಕೆ ಇಳಿಯಲಾರದು, ಅವಳೂ ಚಾಲಕನೂ ಆ ಆರು ಜನರೂ ಸಾಯುತ್ತಾರೆ. ಅವಳು ರೇಡಿಯೋದಲ್ಲಿ ಅಣ್ಣನೊಡನೆ ಕಡೆಯ ಮಾತಾಡಿ, ಬಾಗಿಲಿನ ಹೊರಗಿನ ಶೂನ್ಯಕ್ಕೆ ಹೋಗುತ್ತಾಳೆ. ಗಾಡ್ವಿನ್ ಹುಡುಗಿಯನ್ನು ಹೇಗಾದರೂ ಬದುಕಿಸಿ ಬರೆಯುತ್ತಿದ್ದರಂತೆ, ಕ್ಯಾಂಪ್‌ಬೆಲ್ ಮೂರು ಸಲ ಹಿಂದಕ್ಕೆ ಕಳಿಸಿದರಂತೆ.

ಮೊದಲ ಸಲ ಓದಿದಾಗ ಕಣ್ಣು ಒದ್ದೆಯಾಯಿತು. ಎರಡನೇ ಸಲ ಓದಿದಾಗ ಗುಮಾಸ್ತನ ಬುದ್ಧಿ ಎದ್ದಿತು. ಕೂಡಿಸಿದ್ದು ಸರಿ, ಕಳೆದದ್ದು ಸರಿ. ಆದರೆ ಇಷ್ಟೇ ಇಂಧನ ಎಂದು ಮಂಜೂರು ಮಾಡಿದವರು ಯಾರು? ಬಾಗಿಲಿಗೆ ಬೀಗ ಹಾಕದೆ ಬರೀ ‘ಪ್ರವೇಶವಿಲ್ಲ’ ಎಂಬ ಹಲಗೆ ತೂಗಿಸಿದವರು ಯಾರು? ಅದು ಪ್ರಕೃತಿಯ ನಿಯಮವಲ್ಲ, ಯಾವುದೋ ಕಚೇರಿಯಲ್ಲಿ ಯಾರೋ ಹಾಕಿದ ಸಹಿ. ಅಮೆರಿಕದ ವಿಮರ್ಶಕರೂ ಇದೇ ಪ್ರಶ್ನೆ ಎತ್ತಿದ್ದಾರೆ.

ನಾನು ಕೌಂಟರಿನ ಒಳಗೆ ಕೂತವನು, ಈಗ ಹೊರಗೆ ನಿಲ್ಲುವವನು. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಖುದ್ದಾಗಿ ಬಂದು ತೋರಿಸಬೇಕಾಗಿತ್ತು. ಹಾಸಿಗೆ ಹಿಡಿದವರನ್ನು ಮಕ್ಕಳು ರಿಕ್ಷಾದಲ್ಲಿ ಹೊತ್ತು ತರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ಏನು ಮಾಡುವುದು, ನಿಯಮ ಹಾಗಿದೆ’ ಎಂಬುದೇ ಎಲ್ಲರ ಉತ್ತರ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವ ಹಾಗೆ. 2014ರಲ್ಲಿ ಬೆರಳಚ್ಚು ಕೊಟ್ಟು ಗಣಕಯಂತ್ರದ ಮೂಲಕವೇ ಪ್ರಮಾಣಪತ್ರ ಸಲ್ಲಿಸುವ ವ್ಯವಸ್ಥೆ ಬಂತು. ಆಮೇಲೆ ಮನೆಬಾಗಿಲಿಗೇ ಬಂದು ಮಾಡಿಕೊಡುವ ಏರ್ಪಾಡೂ ಆಯಿತು. ಅಂದರೆ ಅದು ಸೂರ್ಯನ ನಿಯಮವಾಗಿರಲಿಲ್ಲ. ಗಾಡ್ವಿನ್‌ರ ಕಥೆ ನನಗೆ ಕೊಟ್ಟ ಉಪಕಾರ ಇದು. ಯಾರಾದರೂ ‘ಲೆಕ್ಕವೇ ಹಾಗೆ ಬರುತ್ತದೆ’ ಎಂದರೆ, ಉತ್ತರಕ್ಕಿಂತ ಮೊದಲು ಷರತ್ತನ್ನು ಓದಿ ನೋಡುವ ಅಭ್ಯಾಸ.

ಈ ಪತ್ರಿಕೆಗಳನ್ನೂ ಹಾಗೆಯೇ ಓದಬೇಕು. ಅವುಗಳ ನಾಯಕರು ಹೆಚ್ಚಾಗಿ ಬಿಳಿಯ ಗಂಡಸರು, ಹೆಂಗಸರು ಕಿರುಚಲಿಕ್ಕೆ ಮಾತ್ರ. ಎಷ್ಟೋ ಹೊಸಬರನ್ನು ಬೆಳೆಸಿದ ಕ್ಯಾಂಪ್‌ಬೆಲ್ ಕರಿಯ ಜನರ ವಿಷಯದಲ್ಲಿ ಸಂಕುಚಿತ ಮನಸ್ಸಿನವರಾಗಿದ್ದರು. ಅದೇ ಕಾರಣಕ್ಕೆ ಅವರ ಹೆಸರಿನ ಪ್ರಶಸ್ತಿಯೊಂದರ ಹೆಸರನ್ನು 2019ರಲ್ಲಿ ಬದಲಾಯಿಸಿದರು. ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕಷ್ಟೆ.

ಯುದ್ಧಕಾಲದ ಕಾಗದದ ಅಭಾವ, ಆಮೇಲೆ ಕಾಮಿಕ್ಸು, ಜೇಬಿನಲ್ಲಿ ಹಿಡಿಯುವ ಅಗ್ಗದ ಪುಸ್ತಕ, ಟೆಲಿವಿಷನ್ನು, ಇವೆಲ್ಲ ಸೇರಿ 1950ರ ದಶಕದ ಮಧ್ಯಕ್ಕೆ ಪಲ್ಪ್ ಪತ್ರಿಕೆಗಳ ಕಾಲ ಮುಗಿಯಿತು. ‘ಅಸ್ಟೌಂಡಿಂಗ್’ ಮಾತ್ರ 1960ರಲ್ಲಿ ‘ಅನಲಾಗ್’ ಎಂದು ಹೆಸರು ಬದಲಿಸಿಕೊಂಡು ಮುಂದುವರಿಯಿತು. ನಾನು ಮುಂಬಯಿಯಿಂದ ತಂದ ಪ್ರತಿಗಳಲ್ಲಿ ಎರಡು ನಮ್ಮ ಮಳೆಗಾಲಕ್ಕೆ ತಡೆಯದೆ ಪುಡಿಯಾದವು. ಆದರೆ ಆಸಕ್ತರು ಜಗತ್ತಿನ ನಾನಾ ಮೂಲೆಗಳಲ್ಲಿ ಕೂತು ಹಳೆಯ ಸಂಚಿಕೆಗಳ ಪುಟಪುಟವನ್ನೂ ಚಿತ್ರವಾಗಿಸಿ ಇಂಟರ್ನೆಟ್ ಆರ್ಕೈವಿಗೆ ಏರಿಸಿದ್ದಾರೆ. ತಂಗಿಯ ಮಗಳು ಮೊಬೈಲಿನಲ್ಲಿ ತೆರೆದು ತೋರಿಸಿದಾಗ ಜಾಹೀರಾತುಗಳ ಸಮೇತ ಎಲ್ಲವೂ ಇದ್ದವು. ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿಯಿರಿ ಎಂಬ ಜಾಹೀರಾತು ಕೂಡ.

ನಮ್ಮ ಗಡಿನಾಡಿನ ಕನ್ನಡದಲ್ಲೂ ಕೈಬರಹದ ಪತ್ರಿಕೆ, ಶಾಲೆಯ ವಾರ್ಷಿಕ ಸಂಚಿಕೆ, ಯುವಕ ಮಂಡಲದ ಸ್ಮರಣ ಸಂಚಿಕೆ ಎಷ್ಟು ಬಂದಿಲ್ಲ! ಅವೂ ಅಗ್ಗದ ಕಾಗದವೇ. ಅಟ್ಟದ ಮೇಲೆ ಗೆದ್ದಲಿಗೆ ಬಿಟ್ಟಿದ್ದರೆ ಈ ವಾರವೇ ಇಳಿಸಿ, ಧೂಳು ಝಾಡಿಸಿ, ಮನೆಯ ಹುಡುಗರ ಕೈಯಲ್ಲಿ ಮೊಬೈಲಿನಿಂದ ಪುಟಗಳ ಚಿತ್ರ ತೆಗೆಸಿಡಿ. ಅದರಲ್ಲಿ ಯಾವ ಗುಮಾಸ್ತ, ಯಾವ ಟೈಪಿಸ್ಟ್ ಹುಡುಗಿ ಹೆಸರು ಮರೆಸಿಕೊಂಡು ಏನು ಬರೆದಿದ್ದಾರೋ, ಓದಿದ ಮೇಲೆ ತಾನೆ ಗೊತ್ತಾಗುವುದು?